ತರಬೇತಿ ಕೋಟಿ ಮಂದಿಗೆ, ಕೆಲಸ ಎಷ್ಟು ಮಂದಿಗೆ?

ಯುವಜನರಿಗೆ ಉಚಿತವಾಗಿ ಕೌಶಲ ತರಬೇತಿ ಕೊಡುವ ಕೇಂದ್ರದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ದಾಖಲೆಗಳಲ್ಲಿ ಒಬ್ಬ ಫಲಾನುಭವಿಯ ಬ್ಯಾಂಕ್ ಖಾತೆ ಸಂಖ್ಯೆ ಹೀಗಿದೆ: 11111111111. ಇನ್ನೊಂದು ಕಡೆ 123456. 2025ರ ಡಿಸೆಂಬರ್‌ನಲ್ಲಿ ಸಂಸತ್ತಿನಲ್ಲಿ ಮಂಡನೆಯಾದ ಮಹಾಲೇಖಪಾಲರ (ಸಿಎಜಿ) ವರದಿ ಇಂಥವನ್ನು ಹೆಕ್ಕಿ ತೋರಿಸಿತು. ಲೆಕ್ಕಪರಿಶೋಧಕರು ನೋಡಿದ ಸುಮಾರು 96 ಲಕ್ಷ ಹೆಸರುಗಳ ಪೈಕಿ ಶೇ 94ಕ್ಕೂ ಹೆಚ್ಚಿನವುಗಳ ಮುಂದೆ ಖಾತೆ ಸಂಖ್ಯೆಯ ಜಾಗ ಖಾಲಿ ಇತ್ತು, ಇಲ್ಲವೇ ಸೊನ್ನೆ ಸುತ್ತಿತ್ತು. ಸಂಖ್ಯೆ ಬರೆದಿದ್ದ ಕಡೆಯೂ ಒಂದೇ ಖಾತೆ ಹಲವರ ಹೆಸರಿಗೆ ಅಂಟಿಕೊಂಡಿತ್ತು. ಬೇರೆ ಬೇರೆ ಹೆಸರಿನವರಿಗೆ ಒಂದೇ ಫೋಟೊ ಇತ್ತು. ಹೋಗಿ ನೋಡಿದರೆ ಕೆಲವು ತರಬೇತಿ ಕೇಂದ್ರಗಳಿಗೆ ಬೀಗ ಬಿದ್ದಿತ್ತು. ಅವೆಲ್ಲ ಆರಂಭದ ವರ್ಷಗಳ ಲೋಪಗಳು, ಈಗ ಆಧಾರ್ ಇ-ಕೆವೈಸಿ ಇಲ್ಲದೆ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ ಎಂಬುದು ಇಲಾಖೆಯ ಉತ್ತರ.

ಎರಡು ದಿನ ಟಿವಿಯಲ್ಲಿ ಕೂಗಾಟವಾಯಿತು, ತಣ್ಣಗಾಯಿತು. ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇದೆ, ಅದರ ಬಗ್ಗೆ ಅಷ್ಟು ಚರ್ಚೆ ಆಗಲಿಲ್ಲ. ಅಲ್ಪಾವಧಿ ತರಬೇತಿ ಮತ್ತು ವಿಶೇಷ ಯೋಜನೆಗಳಲ್ಲಿ ಪ್ರಮಾಣಪತ್ರ ಪಡೆದ ಸುಮಾರು 56 ಲಕ್ಷ ಮಂದಿಯಲ್ಲಿ ಕೆಲಸಕ್ಕೆ ಸೇರಿದವರೆಂದು ತೋರಿಸಿರುವುದು ಸುಮಾರು 23 ಲಕ್ಷ, ಅಂದರೆ ಶೇ 41. ವಿರೋಧ ಪಕ್ಷದವರು 'ಬರೀ ಶೇ 41' ಎಂದರು. ಆಳುವವರು '23 ಲಕ್ಷ ಕುಟುಂಬಗಳಿಗೆ ಆಸರೆ' ಎಂದರೂ ತಪ್ಪೆನ್ನಲಾಗದು. ಆದರೆ ತರಬೇತಿಯಿಂದ ನಿರುದ್ಯೋಗಿಗೆ ಉಪಯೋಗವಾಯಿತೇ ಎಂಬ ಪ್ರಶ್ನೆಗೆ ಈ ಅಂಕಿಯಲ್ಲಿ ಉತ್ತರವೇ ಇಲ್ಲ. ಅದೂ ಆ 23 ಲಕ್ಷ ಪೂರ್ತಿ ನಿಜವೆಂದು ಒಪ್ಪಿಕೊಂಡ ಮೇಲೂ.

ಯಾಕೆಂದು ನೋಡೋಣ. ಹುಬ್ಬಳ್ಳಿಯಲ್ಲಿ ಮೂವತ್ತು ಜನರ ಒಂದು ಬ್ಯಾಚಿಗೆ ಅಂಗಡಿ ಮಾರಾಟ ಸಹಾಯಕರ ಕೋರ್ಸ್ ನಡೆಯಿತು ಎಂದುಕೊಳ್ಳಿ. ಹನ್ನೆರಡು ಮಂದಿಗೆ ಮಾಲ್‌ನಲ್ಲೋ ಬಟ್ಟೆ ಅಂಗಡಿಯಲ್ಲೋ ಕೆಲಸವಾಯಿತು. ಕೋರ್ಸ್ ಇಲ್ಲದೇ ಇದ್ದರೂ 'ಸೇಲ್ಸ್ ಗರ್ಲ್ಸ್ ಬೇಕಾಗಿದ್ದಾರೆ' ಎಂಬ ಬೋರ್ಡ್ ನೋಡಿ ನೇರ ಒಳಗೆ ಹೋಗಿ ಕೇಳಿ ಕೆಲಸ ಹಿಡಿಯುತ್ತಿದ್ದವರು ಇವರಲ್ಲಿ ಎಷ್ಟು? ಹನ್ನೊಂದು ಎಂದಾದರೆ, ಸರ್ಕಾರದ ಖರ್ಚಿನಿಂದ ಹುಟ್ಟಿದ್ದು ಒಂದು ಕೆಲಸ. ಐದು ಎಂದಾದರೆ ಏಳು ಕೆಲಸ, ಅದು ದೊಡ್ಡ ಸಾಧನೆ. ಎರಡೂ ಸಂದರ್ಭದಲ್ಲಿ ವರದಿಯಲ್ಲಿ ಬರುವುದು 'ಶೇ 40 ಪ್ಲೇಸ್‌ಮೆಂಟ್' ಎಂದೇ.

ಈ ವ್ಯತ್ಯಾಸವನ್ನು ಅಳೆಯಲು ಅರ್ಥಶಾಸ್ತ್ರಜ್ಞರು ಹಳೆಯದೊಂದು ಉಪಾಯ ಬಳಸುತ್ತಾರೆ. ಅರ್ಜಿ ಹಾಕಿದವರ ನಡುವೆ ಚೀಟಿ ಎತ್ತಿ, ಅರ್ಧ ಜನರಿಗೆ ತರಬೇತಿ ಕೊಟ್ಟು, ಉಳಿದರ್ಧವನ್ನು ಅವರ ಪಾಡಿಗೆ ಬಿಟ್ಟು, ಒಂದೆರಡು ವರ್ಷದ ಮೇಲೆ ಇಬ್ಬರನ್ನೂ ಹುಡುಕಿ ಕೇಳುವುದು. ವಿಶ್ವಬ್ಯಾಂಕಿನ ಡೇವಿಡ್ ಮೆಕೆಂಜಿ 2017ರಲ್ಲಿ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ನಡೆದ ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ನೂರು ಜನಕ್ಕೆ ವೃತ್ತಿ ತರಬೇತಿ ಕೊಟ್ಟರೆ, ತರಬೇತಿಯ ಕಾರಣಕ್ಕೇ ಹೆಚ್ಚುವರಿಯಾಗಿ ಕೆಲಸ ಸಿಕ್ಕವರು ಸರಾಸರಿ ಇಬ್ಬರು ಅಥವಾ ಮೂವರು. ಯೋಜನೆ ರೂಪಿಸುವ ಅಧಿಕಾರಿಗಳೂ ತರಬೇತಿಗೆ ಬಂದವರೂ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ನಿರೀಕ್ಷಿಸಿರುತ್ತಾರೆ.

ಹಾಗೆಂದು ಎಲ್ಲ ನೀರಲ್ಲಿ ಹೋಮ ಎಂದುಬಿಡಲೂ ಆಗದು. ಮುಂದೆ ನೊಬೆಲ್ ಪಡೆದ ಡೇವಿಡ್ ಕಾರ್ಡ್ ಮತ್ತು ಇಬ್ಬರು ಸಹೋದ್ಯೋಗಿಗಳು ಇನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಜಾಲಾಡಿ 2018ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಂದು ಕುತೂಹಲದ ಸಂಗತಿ ಇದೆ. ಮೊದಲ ವರ್ಷ ಫಲ ಹೆಚ್ಚುಕಡಿಮೆ ಸೊನ್ನೆ. ಎರಡು-ಮೂರು ವರ್ಷ ಕಳೆದ ಮೇಲೆ ನಿಜವಾದ ಕೌಶಲ ಕಲಿಸಿದ ತರಬೇತಿಗಳ ಫಲ ಕಾಣಿಸತೊಡಗುತ್ತದೆ. ಮಹಿಳೆಯರಿಗೆ, ಬಹಳ ಕಾಲದಿಂದ ಕೆಲಸವಿಲ್ಲದೆ ಇದ್ದವರಿಗೆ ಅನುಕೂಲ ಹೆಚ್ಚು. ಸರ್ಕಾರವೇ ತಾತ್ಕಾಲಿಕ ಕೆಲಸ ಕೊಟ್ಟು ಕೂರಿಸಿಕೊಂಡ ಕಡೆ, ಆ ಕೆಲಸ ಮುಗಿದ ಮೇಲೆ ಪ್ರಯೋಜನ ತೀರಾ ಕಡಿಮೆ. ಇದರಲ್ಲಿ ನಮ್ಮ ವ್ಯವಸ್ಥೆಗೆ ನೇರ ಪಾಠವಿದೆ. ನಾವು ಪ್ಲೇಸ್‌ಮೆಂಟ್ ಎಣಿಸುವುದು ತರಬೇತಿ ಮುಗಿದ ಕೆಲವೇ ತಿಂಗಳಲ್ಲಿ, ಫಲ ಏನೂ ಕಾಣದ ಹೊತ್ತಿನಲ್ಲಿ.

ಇನ್ನೊಂದು ಸಂಗತಿ ಫ್ರಾನ್ಸಿನಿಂದ. ಓದಿದ ನಿರುದ್ಯೋಗಿ ಯುವಕರಿಗೆ ಕೆಲಸ ಹುಡುಕಿಕೊಡುವ ಸರ್ಕಾರಿ ಕಾರ್ಯಕ್ರಮವೊಂದನ್ನು ಅಲ್ಲಿ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದರು. 2013ರಲ್ಲಿ ಬಂದ ಫಲಿತಾಂಶದ ಪ್ರಕಾರ ನೆರವು ಪಡೆದವರಿಗೆ ಬೇಗ ಕೆಲಸ ಸಿಕ್ಕಿದ್ದು ನಿಜ, ಆದರೆ ಅದೇ ಊರಿನ ನೆರವು ಪಡೆಯದವರಿಗೆ ಅಷ್ಟರಮಟ್ಟಿಗೆ ಕೆಲಸ ತಪ್ಪಿತ್ತು. ಅದರಲ್ಲೂ ಉದ್ಯೋಗ ಮಾರುಕಟ್ಟೆ ಕುಸಿದಿದ್ದ ಪ್ರದೇಶಗಳಲ್ಲಿ. ರೇಷನ್ ಅಂಗಡಿ ಕ್ಯೂನಲ್ಲಿ ಹಿಂದಿದ್ದವನನ್ನು ಕೈಹಿಡಿದು ಮುಂದೆ ತಂದು ನಿಲ್ಲಿಸಿದರೆ ಅವನಿಗೆ ಅಕ್ಕಿ ಸಿಗುತ್ತದೆ. ಅಂಗಡಿಯಲ್ಲಿರುವ ಮೂಟೆಗಳ ಸಂಖ್ಯೆ ಬದಲಾಗುವುದಿಲ್ಲ. ಬೀದರ್, ಯಾದಗಿರಿಯಂಥ ಜಿಲ್ಲೆಗಳಲ್ಲಿ ತರಬೇತಿ ಕೇಂದ್ರ ತೆರೆಯುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ ಮೂಟೆ ಎಷ್ಟಿದೆ ಎಂಬುದು.

ನಮ್ಮಲ್ಲಿ ಆ ಪ್ರಶ್ನೆ ಕೇಳದೆ ಗುರಿ ಹಾಕಿಕೊಂಡೆವು. 2009ರ ರಾಷ್ಟ್ರೀಯ ಕೌಶಲ ನೀತಿ 2022ರ ಹೊತ್ತಿಗೆ 50 ಕೋಟಿ ಜನರಿಗೆ ಕೌಶಲ ಕೊಡುತ್ತೇವೆ ಎಂದಿತು. ಐವತ್ತು ಕೋಟಿ! ದೇಶದ ದುಡಿಯುವವರ ಒಟ್ಟು ಲೆಕ್ಕವೇ ಹೆಚ್ಚುಕಡಿಮೆ ಅಷ್ಟಿತ್ತು. ಅದಕ್ಕೆ ಹಿಂದಿನ ವರ್ಷ ಹುಟ್ಟಿದ್ದ ರಾಷ್ಟ್ರೀಯ ಕೌಶಲ ಅಭಿವೃದ್ಧಿ ನಿಗಮ ಖಾಸಗಿ ತರಬೇತಿ ಸಂಸ್ಥೆಗಳನ್ನು ಜೊತೆಗೆ ಸೇರಿಸಿಕೊಂಡಿತು. 2014ರಲ್ಲಿ ಇದಕ್ಕೆಂದೇ ಪ್ರತ್ಯೇಕ ಸಚಿವಾಲಯ ಬಂತು, 2015ರ ಜುಲೈಯಲ್ಲಿ ಕೌಶಲ ವಿಕಾಸ ಯೋಜನೆ ಶುರುವಾಯಿತು. ಒಂದೊಂದು ಉದ್ಯಮಕ್ಕೆ ಬೇಕಾದ ಕೌಶಲದ ಮಾನದಂಡ ಗೊತ್ತುಮಾಡುವ ವಲಯ ಕೌಶಲ ಮಂಡಳಿಗಳನ್ನು ಪರಿಶೀಲಿಸಿ 2016ರಲ್ಲಿ ವರದಿ ಕೊಟ್ಟ ಶಾರದಾ ಪ್ರಸಾದ್ ಸಮಿತಿ, ಯಾವ ಕ್ಷೇತ್ರಕ್ಕೆ ಎಷ್ಟು ಜನ ಬೇಕು ಎಂದು ನೋಡದೆಯೇ ಗುರಿ ಹಂಚಿದ್ದಾರೆ ಎಂದು ಸ್ಪಷ್ಟವಾಗಿಯೇ ಹೇಳಿತ್ತು. ವರದಿ ಬಂತು, ಗುರಿಗಳು ಹಾಗೇ ಮುಂದುವರಿದವು.

ಗುರಿ ಬಂದ ಮೇಲೆ ತಾಲ್ಲೂಕು ಕೇಂದ್ರದಲ್ಲಿ ಏನಾಗುತ್ತದೆ? ಬಸ್ ಸ್ಟ್ಯಾಂಡ್ ಹತ್ತಿರದ ಕಾಂಪ್ಲೆಕ್ಸಿನ ಮೊದಲ ಮಹಡಿ ಬಾಡಿಗೆಗೆ ತೆಗೆದುಕೊಳ್ಳುತ್ತಾರೆ. ಹತ್ತು ಕಂಪ್ಯೂಟರ್ ಅಥವಾ ಹದಿನೈದು ಹೊಲಿಗೆ ಮಷೀನು, ಬಾಗಿಲಲ್ಲಿ ಬಯೊಮೆಟ್ರಿಕ್ ಯಂತ್ರ, ಗೋಡೆಗೆ ಯೋಜನೆಯ ಫ್ಲೆಕ್ಸ್. 'ಮೊಬಿಲೈಸರ್' ಎಂದು ಒಬ್ಬ ಹುಡುಗನನ್ನು ಇಟ್ಟುಕೊಳ್ಳುತ್ತಾರೆ. ಹಳ್ಳಿಹಳ್ಳಿಗೆ ಬೈಕಿನಲ್ಲಿ ಹೋಗಿ 'ಅಕ್ಕಾ, ಫ್ರೀ ಕೋರ್ಸು, ಸರ್ಟಿಫಿಕೇಟ್ ಕೊಡ್ತಾರೆ, ಆಧಾರ್ ಮತ್ತೆ ಎರಡು ಫೋಟೊ ಕೊಡಿ' ಎನ್ನುವುದು ಅವನ ಕೆಲಸ. ಬ್ಯಾಚ್ ತುಂಬಿದರೆ ಒಂದು ಕಂತು, ಪರೀಕ್ಷೆ ಪಾಸಾದರೆ ಇನ್ನೊಂದು ಕಂತು; ಅಲ್ಲಿಗೆ ಹಣದ ದೊಡ್ಡ ಪಾಲು ಕೈ ಸೇರಿರುತ್ತದೆ. ಕೆಲಸ ಕೊಡಿಸಿದರೆ ಸಿಗುವುದು ಕೊನೆಯ ಸಣ್ಣ ಕಂತು. ಅದರ ಹಿಂದೆ ಓಡಾಡುವ ಖರ್ಚಿಗಿಂತ ಹೊಸ ಬ್ಯಾಚ್ ತುಂಬುವುದೇ ಲಾಭ. ಇದರಲ್ಲಿ ಯಾರೂ ಕಳ್ಳರಾಗಬೇಕಿಲ್ಲ, ಲೆಕ್ಕ ಗೊತ್ತಿದ್ದರೆ ಸಾಕು. ಅದೇ ಲೆಕ್ಕದ ಪ್ರಕಾರ ಡೇಟಾ ಎಂಟ್ರಿ, ಟೈಲರಿಂಗ್, ರೀಟೇಲ್, ಬ್ಯೂಟಿಷಿಯನ್ ಕೋರ್ಸುಗಳು ಬೀದಿಗೊಂದು ಹುಟ್ಟುತ್ತವೆ. ಪೀಣ್ಯದ ಕಾರ್ಖಾನೆಯವರು ಹುಡುಕುವ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಆಪರೇಟರನ್ನು ತಯಾರು ಮಾಡಲು ಲಕ್ಷಗಟ್ಟಲೆ ಬೆಲೆಯ ಯಂತ್ರ ಬೇಕು, ಅದನ್ನು ಯಾರು ತರುತ್ತಾರೆ?

ಇಷ್ಟರ ಮೇಲೆ 'ಪೂರ್ವ ಕಲಿಕೆಗೆ ಮಾನ್ಯತೆ' ಎಂಬ ವಿಭಾಗವೂ ಇದೆ. ಈಗಾಗಲೇ ಗಾರೆ ಕೆಲಸ, ಮರಗೆಲಸ ಗೊತ್ತಿರುವವರಿಗೆ ಕೆಲವೇ ದಿನಗಳ ಪರಿಚಯ ತರಗತಿ ನಡೆಸಿ, ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುವುದು. ಉದ್ದೇಶ ಒಳ್ಳೆಯದೇ. ಆದರೆ ಕೌಶಲ ವಿಕಾಸ ಯೋಜನೆಯ ಕೋಟಿ ದಾಟಿದ ಒಟ್ಟು ಲೆಕ್ಕದಲ್ಲಿ ಸುಮಾರು ಅರ್ಧ ಇಂಥವರದು. ಅವರು ನಿರುದ್ಯೋಗಿಗಳಾಗಿರಲಿಲ್ಲ, ಹೊಸದೇನನ್ನೂ ಕಲಿಯಲಿಲ್ಲ. 2022ರ ನಂತರದ ನಾಲ್ಕನೇ ಆವೃತ್ತಿಯಲ್ಲಂತೂ ಪ್ಲೇಸ್‌ಮೆಂಟ್ ಲೆಕ್ಕ ಇಡುವುದನ್ನೇ ಬಿಟ್ಟರು. ಅಭ್ಯರ್ಥಿಗಳು ತಮಗೆ ಬೇಕಾದ ದಾರಿ ಆರಿಸಿಕೊಳ್ಳಲು ಸಶಕ್ತರಾಗುವುದು ಮುಖ್ಯ ಎಂಬುದು ಸಂಸತ್ತಿಗೆ ಕೊಟ್ಟ ಸಮಜಾಯಿಷಿ.

ಈ ತರಬೇತಿಗಳು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡಿವೆ, ಕೆಲಸವಿಲ್ಲದವರು ಯಾರು ಎಂಬುದನ್ನೂ ನೋಡಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ದೆಹಲಿಯ ಮಾನವ ಅಭಿವೃದ್ಧಿ ಸಂಸ್ಥೆ ಸೇರಿ 2024ರಲ್ಲಿ ಹೊರತಂದ ಭಾರತ ಉದ್ಯೋಗ ವರದಿಯ ಪ್ರಕಾರ, 2022ರಲ್ಲಿ ಓದು ಬರಹ ಬಾರದ ಯುವಜನರಲ್ಲಿ ನಿರುದ್ಯೋಗ ಶೇ 3.4. ಪದವೀಧರರಲ್ಲಿ ಶೇ 29.1. ಓದದವನಿಗೆ ಕೆಲಸ ಹೇರಳವಾಗಿದೆ ಎಂದು ಇದರ ಅರ್ಥವಲ್ಲ. ಅವನಿಗೆ ಖಾಲಿ ಕೂರುವ ಅನುಕೂಲವಿಲ್ಲ, ಸಿಕ್ಕಿದ್ದನ್ನು ಮಾಡುತ್ತಾನೆ. ಪದವೀಧರ ಕಾಯುತ್ತಾನೆ.

ಏನಕ್ಕೆ ಕಾಯುತ್ತಾನೆ ಎಂದು ತಿಳಿಯಲು ಧಾರವಾಡಕ್ಕೋ ವಿಜಯಪುರಕ್ಕೋ ಬೆಂಗಳೂರಿನ ವಿಜಯನಗರಕ್ಕೋ ಹೋದರೆ ಸಾಕು. ಒಂದು ಕೋಣೆಯಲ್ಲಿ ಮೂರು-ನಾಲ್ಕು ಮಂದಿ, ಗೋಡೆಯಲ್ಲಿ ಭೂಪಟ, ಬೆಳಗ್ಗೆ ಆರಕ್ಕೇ ಲೈಬ್ರರಿಯಲ್ಲಿ ಸೀಟು ಹಿಡಿಯುವ ಓಟ. ಎಫ್‌ಡಿಎ, ಪಿಎಸ್‌ಐ, ಪಿಡಿಒ, ವಿಎಒ. ರಾಜ್ಯ ಸರ್ಕಾರದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಹುದ್ದೆ ಖಾಲಿ ಇವೆ ಎಂದು ಸರ್ಕಾರವೇ ಒಪ್ಪಿಕೊಂಡಿರುವಾಗ ಅವರ ಆಸೆಯನ್ನು ಹುಚ್ಚು ಎನ್ನುವಂತಿಲ್ಲ. ನೇಮಕಾತಿ ವರ್ಷಗಟ್ಟಲೆ ನಿಂತು ವಯೋಮಿತಿ ಮೀರತೊಡಗಿದಾಗಲೇ ಧಾರವಾಡದಲ್ಲಿ ಅವರು ಬೀದಿಗಿಳಿದದ್ದು. 545 ಪಿಎಸ್‌ಐ ಹುದ್ದೆಗಳ ನೇಮಕಾತಿ ಹಗರಣ ಕಂಡವರು ಅವರು. ಅವರ ಮುಂದೆ ಮೂರು ತಿಂಗಳ ರೀಟೇಲ್ ಕೋರ್ಸ್ ಹಿಡಿದು ನಿಂತರೆ ತಿರುಗಿಯೂ ನೋಡುವುದಿಲ್ಲ. ಸರ್ಕಾರಿ ಕೆಲಸಕ್ಕೂ ಖಾಸಗಿ ಕೆಲಸಕ್ಕೂ ಸಂಬಳ, ಭದ್ರತೆ, ಮದುವೆ ಮಾರುಕಟ್ಟೆಯ ಬೆಲೆ, ಈ ಮೂರರಲ್ಲೂ ಇಷ್ಟು ಅಂತರವಿರುವ ತನಕ ಕಾಯುವುದೇ ಅವರ ಪಾಲಿಗೆ ಲೆಕ್ಕಾಚಾರದ ನಡೆ.

ಯುವನಿಧಿಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಈ ಗ್ಯಾರಂಟಿ, ಓದು ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ ₹3,000, ಡಿಪ್ಲೊಮಾದವರಿಗೆ ₹1,500, ಗರಿಷ್ಠ ಎರಡು ವರ್ಷ ಕೊಡುತ್ತದೆ. ಸೋಮಾರಿಗಳನ್ನು ತಯಾರು ಮಾಡುತ್ತದೆ ಎಂಬ ಟೀಕೆಯಲ್ಲಿ ಹುರುಳಿಲ್ಲ. ಮೂರು ಸಾವಿರದಲ್ಲಿ ಸೋಮಾರಿಯಾಗಿರಲೂ ಆಗುವುದಿಲ್ಲ. ಧಾರವಾಡದ ಕೋಣೆ ಬಾಡಿಗೆಯ ತನ್ನ ಪಾಲು, ಲೈಬ್ರರಿ ಫೀಸು ಹೋಗಿ ಊಟಕ್ಕೆ ಸ್ವಲ್ಪ ಮಿಗುತ್ತದೆ. ಕಾಯುವವನಿಗೆ ಮನೆಯವರ ಮುಂದೆ ಕೈಚಾಚುವುದು ತಪ್ಪುತ್ತದೆ, ಅದೇನೂ ಸಣ್ಣದಲ್ಲ. ಆದರೆ ಇದು ಕೆಲಸ ಕೊಡಿಸುವ ಕಾರ್ಯಕ್ರಮವೂ ಅಲ್ಲ. ಐಟಿಐ ಮುಗಿಸಿದವನಿಗೆ, ಪಿಯುಸಿಗೇ ಓದು ನಿಂತ ಹುಡುಗಿಗೆ ಇದು ಇಲ್ಲವೇ ಇಲ್ಲ. ಫಲಾನುಭವಿಗಳಿಗೆ ಕೌಶಲ ತರಬೇತಿ ಕೊಡುವ 'ಯುವನಿಧಿ ಪ್ಲಸ್' ನಂತರ ಸೇರಿಕೊಂಡಿತು. ಪದವಿ ಪಡೆದು ಸರ್ಕಾರಿ ಹುದ್ದೆಗೆ ಕಾಯುವವರನ್ನು ಅದು ಎಷ್ಟು ಸೆಳೆಯಬಲ್ಲದು ಎಂಬ ಬಗ್ಗೆ ನನಗೆ ಅನುಮಾನವಿದೆ.

ಇನ್ನು ತರಬೇತಿ ಮುಗಿದು ಕೆಲಸ ಸಿಕ್ಕೇಬಿಟ್ಟಿತು ಎಂದುಕೊಳ್ಳೋಣ. ಆ ಕೆಲಸ ಎಂಥದ್ದು? ರಾಯಚೂರು ಕಡೆಯ ಹಳ್ಳಿಯಿಂದ ಬೆಂಗಳೂರಿನ ಕಾರ್ಖಾನೆಯೊಂದಕ್ಕೆ ಸೇರುವ ಹುಡುಗಿಯ ಲೆಕ್ಕ ಹಾಕಿ ನೋಡಿ. ಸಂಬಳ ₹14,000 ಎಂದಿಟ್ಟುಕೊಂಡರೆ ಪಿಎಫ್ ಶೇ 12, ಇಎಸ್‌ಐ ಶೇ 0.75 ಕಡಿತವಾಗಿ ಕೈಗೆ ಬರುವುದು ಹನ್ನೆರಡು ಸಾವಿರದ ಆಸುಪಾಸು. ಮೂವರು ಹಂಚಿಕೊಳ್ಳುವ ಪಿಜಿಗೆ ಊಟ ಸೇರಿ ಆರು ಸಾವಿರ. ಶಕ್ತಿ ಯೋಜನೆಯಿಂದ ಬಸ್ ಖರ್ಚು ಉಳಿಯಿತು, ಇದನ್ನು ಯಾರೂ ಉದ್ಯೋಗ ಯೋಜನೆ ಎಂದು ಎಣಿಸುವುದಿಲ್ಲ, ಎಣಿಸಬೇಕು. ಮೊಬೈಲ್ ರೀಚಾರ್ಜ್, ಸೋಪು, ಔಷಧ, ಹಬ್ಬಕ್ಕೆ ಊರಿಗೆ ಹೋಗಿಬರುವುದು. ಮನೆಗೆ ಕಳಿಸಲು ಮೂರು-ನಾಲ್ಕು ಸಾವಿರ ಉಳಿದರೆ ಪುಣ್ಯ. ಊರಿನಲ್ಲಿ ನರೇಗಾ ಕೂಲಿ 2025-26ರಲ್ಲಿ ದಿನಕ್ಕೆ ₹370 ಇತ್ತು; ವರ್ಷಕ್ಕೆ ನೂರು ದಿನದ ಮಿತಿಯಿದ್ದರೂ ಅಮ್ಮನ ಕೈ ಊಟ, ಬಾಡಿಗೆಯಿಲ್ಲದ ಮನೆ.

ಅದಕ್ಕಿಂತ ದೊಡ್ಡ ಗಂಡಾಂತರ ಮೊದಲ ನಲವತ್ತು ದಿನ. ಪಿಜಿಗೆ ಅಡ್ವಾನ್ಸ್ ಕೊಡಬೇಕು, ಮೊದಲ ತಿಂಗಳ ಬಾಡಿಗೆ ಕೊಡಬೇಕು, ಸಂಬಳ ಬರುವುದು ಮುಂದಿನ ತಿಂಗಳ ಏಳನೇ ತಾರೀಕಿಗೆ. ಕೈಯಲ್ಲಿ ಹತ್ತು-ಹನ್ನೆರಡು ಸಾವಿರ ಇಲ್ಲದೆ ಬೆಂಗಳೂರಿಗೆ ಬಂದು ನಿಲ್ಲುವುದು ಸಾಧ್ಯವಿಲ್ಲ. ಆ ಹಣ ಇದ್ದವರಿಗೆ ಈ ತರಬೇತಿಯೇ ಬೇಕಿರಲಿಲ್ಲ. ಗ್ರಾಮೀಣ ಯುವಜನರಿಗಾಗಿ 2014ರಲ್ಲಿ ಶುರುವಾದ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ ಯೋಜನೆ ಇದನ್ನು ಮನಗಂಡು ಕೆಲಸಕ್ಕೆ ಸೇರಿದ ಮೇಲೆ ತಿಂಗಳಿಗೆ ಸಾವಿರ ರೂಪಾಯಿಯಂತೆ ಕೆಲವು ತಿಂಗಳು ಕೊಡುವ ವ್ಯವಸ್ಥೆ ಮಾಡಿತು. ಯೋಚನೆ ಸರಿ, ಮೊತ್ತ ನೋಡಿದರೆ ನಗು ಬರುತ್ತದೆ.

ಇದೇ ಯೋಜನೆಯಡಿ ಒಡಿಶಾ, ಜಾರ್ಖಂಡ್ ಹಳ್ಳಿಗಳ ಹುಡುಗಿಯರು ತರಬೇತಿ ಮುಗಿಸಿ ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಬರುತ್ತಾರೆ, ಹಲವರು ಕೆಲವೇ ತಿಂಗಳಲ್ಲಿ ಗಂಟುಮೂಟೆ ಕಟ್ಟುತ್ತಾರೆ. ಬಿಹಾರ, ಜಾರ್ಖಂಡ್‌ನ ತರಬೇತಿ ಕೇಂದ್ರಗಳಲ್ಲಿ ಸಂಶೋಧಕರು ಒಂದು ಸರಳ ಪ್ರಯೋಗ ಮಾಡಿದರು. ಕೆಲವು ಬ್ಯಾಚುಗಳಿಗೆ ಮಾತ್ರ ಮುಂಚಿತವಾಗಿಯೇ ಸಂಬಳ ಇಷ್ಟು, ಊರು ಇಷ್ಟು ದೂರ, ಬಡ್ತಿ ಇಂಥದ್ದು ಎಂದು ಇದ್ದದ್ದು ಇದ್ದಂತೆ ತಿಳಿಸಿದರು. ಭಾರೀ ಕನಸು ಇಟ್ಟುಕೊಂಡವರು ತರಬೇತಿ ಹಂತದಲ್ಲೇ ಹಿಂದೆ ಸರಿದರು. ಕೆಲಸಕ್ಕೆ ಹೋದವರು ಉಳಿದ ಬ್ಯಾಚಿನವರಿಗಿಂತ ಹೆಚ್ಚು ಕಾಲ ನಿಂತರು. ನಿಜ ಹೇಳುವುದಕ್ಕೆ ಖರ್ಚೇನೂ ಇಲ್ಲ. ಆದರೆ ಬ್ಯಾಚ್ ತುಂಬಿಸಬೇಕಾದ ಮೊಬಿಲೈಸರ್ ಅದನ್ನು ಯಾಕೆ ಹೇಳುತ್ತಾನೆ?

ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಗೆ ಪೆಟ್ಟು ಬಿದ್ದದ್ದೂ ಇಲ್ಲೇ. ಐದು ವರ್ಷದಲ್ಲಿ ಒಂದು ಕೋಟಿ ಯುವಜನರಿಗೆ ದೇಶದ 500 ದೊಡ್ಡ ಕಂಪನಿಗಳಲ್ಲಿ ಅವಕಾಶ ಎಂದು 2024ರ ಜುಲೈ ಬಜೆಟ್‌ನಲ್ಲಿ ಘೋಷಣೆಯಾಯಿತು. ಅಕ್ಟೋಬರ್‌ನಲ್ಲಿ ಶುರುವಾದ ಮೊದಲ ಸುತ್ತಿನಲ್ಲಿ ಕಂಪನಿಗಳು ಸುಮಾರು 82 ಸಾವಿರ ಮಂದಿಗೆ ಕರೆ ಕಳಿಸಿದವು. ಒಪ್ಪಿಕೊಂಡವರು ಸುಮಾರು 28 ಸಾವಿರ, ನಿಜವಾಗಿ ಹೋಗಿ ಸೇರಿದವರು ಸುಮಾರು 8,700. ತಿಂಗಳಿಗೆ ₹5,000 ಭತ್ಯೆ, ಒಂದು ಸಲಕ್ಕೆ ₹6,000 ಅನುದಾನ. ದೂರದ ಊರಿಗೆ ಹೋಗಿ ಐದು ಸಾವಿರದಲ್ಲಿ ಹನ್ನೆರಡು ತಿಂಗಳು ಬದುಕಿ, ಕೊನೆಗೆ ಕೆಲಸದ ಭರವಸೆಯೂ ಇಲ್ಲ ಎಂದರೆ ಹತ್ತರಲ್ಲಿ ಒಂಬತ್ತು ಜನ ಬೇಡ ಎಂದಿದ್ದರಲ್ಲಿ ಆಶ್ಚರ್ಯವೇನಿದೆ?

ಹಾಗಾದರೆ ನಡೆಯುವುದು ಯಾವುದು? ನಮ್ಮ ರಾಜ್ಯದಲ್ಲೇ ಎರಡು ಉದಾಹರಣೆಗಳಿವೆ, ಎರಡೂ ಮೇಲಿನ ಗುರಿಗಳು ಹುಟ್ಟುವುದಕ್ಕೆ ಎಷ್ಟೋ ಮೊದಲಿನವು. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಎಲ್ಲರ ಬಾಯಲ್ಲಿ ಜಿಟಿಟಿಸಿ, ಈಗ ಜಿಲ್ಲೆಗಳಿಗೂ ಹರಡಿ ಮೂವತ್ತು ದಾಟಿದೆ. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ ಇಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ (ಕಾರ್ಖಾನೆಗೆ ಬೇಕಾದ ಅಚ್ಚು, ಉಪಕರಣ ತಯಾರಿಕೆ) ಡಿಪ್ಲೊಮಾಕ್ಕೆ ಸೇರಿದರೆ ಮೂರು ವರ್ಷ ಕಲಿಕೆ, ನಾಲ್ಕನೇ ವರ್ಷ ಕಾರ್ಖಾನೆಯೊಳಗೇ ತರಬೇತಿ. ಸಂಸ್ಥೆ ಹೊರಗಿನ ಕೈಗಾರಿಕೆಗಳಿಗೆ ಡೈ, ಮೋಲ್ಡ್, ಬಿಡಿಭಾಗ ಮಾಡಿಕೊಟ್ಟು ಹಣ ಗಳಿಸುತ್ತದೆ. ಹಾಗಾಗಿ ಯಂತ್ರಗಳು ಗಾಜಿನ ಹಿಂದೆ ಪ್ರದರ್ಶನಕ್ಕೆ ನಿಂತಿಲ್ಲ, ಓಡುತ್ತಿರುತ್ತವೆ. ಮೈಕ್ರಾನ್ ಲೆಕ್ಕದಲ್ಲಿ ಅಳತೆ ತಪ್ಪಿದರೆ ಗಿರಾಕಿ ವಾಪಸ್ ಕಳಿಸುತ್ತಾನೆ ಎಂಬ ಭಯದಲ್ಲಿ ಹುಡುಗ ಕಲಿಯುತ್ತಾನೆ. ಈ ಭಯ ಯಾವ ಮೂರು ತಿಂಗಳ ಕೋರ್ಸಿನಲ್ಲಿದೆ?

ಇನ್ನೊಂದು ಉಜಿರೆಯ ರುಡ್‌ಸೆಟ್. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ 1982ರಲ್ಲಿ ಕಟ್ಟಿದ್ದು. ಇಲ್ಲಿ ಕೆಲಸ ಕೊಡಿಸುವ ಮಾತೇ ಇಲ್ಲ, ಸ್ವಂತ ಕಾಲ ಮೇಲೆ ನಿಲ್ಲುವುದನ್ನು ಕಲಿಸುತ್ತಾರೆ: ಹೈನುಗಾರಿಕೆ, ಮೊಬೈಲ್ ರಿಪೇರಿ, ದ್ವಿಚಕ್ರ ವಾಹನ ದುರಸ್ತಿ, ಹೊಲಿಗೆ. ಊಟ ವಸತಿ ಸಹಿತ ಉಚಿತ, ಅವಧಿಯೂ ಚಿಕ್ಕದು, ಕೆಲವು ವಾರಗಳು. ಗುಟ್ಟು ಇರುವುದು ತರಬೇತಿ ಮುಗಿದ ಮೇಲೆ. ಎರಡು ವರ್ಷ ಸಂಸ್ಥೆಯವರು ಬೆನ್ನು ಬಿಡುವುದಿಲ್ಲ: ಅಂಗಡಿ ಹಾಕಿದೆಯಾ, ಬ್ಯಾಂಕಿನವರು ಸಾಲಕ್ಕೆ ಏನಂದರು, ಕಂತು ಕಟ್ಟುತ್ತಿದ್ದೀಯಾ. ನಡೆಸುವುದೇ ಬ್ಯಾಂಕು ಆದ್ದರಿಂದ ಸಾಲದ ಬಾಗಿಲು ಬೇಗ ತೆರೆಯುತ್ತದೆ. ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ 2009ರಲ್ಲಿ ಇದನ್ನೇ ಮಾದರಿಯಾಗಿ ತೆಗೆದುಕೊಂಡು ಜಿಲ್ಲೆಗೊಂದು ಸಂಸ್ಥೆ ತೆರೆಯಲು ಬ್ಯಾಂಕುಗಳಿಗೆ ಹೇಳಿತು. ಇಂದು ದೇಶದಲ್ಲಿ ಸುಮಾರು 600 ಇವೆ. ಕಲಿತವರಲ್ಲಿ ಶೇ 70ರಷ್ಟು ಮಂದಿ ನೆಲೆ ಕಂಡುಕೊಂಡಿದ್ದಾರೆ ಎಂದು ಲೆಕ್ಕ ತೋರಿಸುತ್ತಾರೆ.

ಆದರೆ ಹುಬ್ಬಳ್ಳಿ ಬ್ಯಾಚಿಗೆ ಹಾಕಿದ ಪ್ರಶ್ನೆಯನ್ನು ಉಜಿರೆಗೂ ಹಾಕಬೇಕು. ಸಂದರ್ಶನ ಮಾಡಿ ಹುರುಪಿನವರನ್ನು ಆರಿಸಿಕೊಳ್ಳುವ ಸಂಸ್ಥೆಯ ಶೇ 70ರಲ್ಲಿ, ತರಬೇತಿ ಇಲ್ಲದೆಯೂ ಅಂಗಡಿ ಹಾಕುತ್ತಿದ್ದವರು ಎಷ್ಟೋ ಇರಬಹುದು. ಜಿಟಿಟಿಸಿಗೆ ಅಂಕ ನೋಡಿಯೇ ಸೇರಿಸಿಕೊಳ್ಳುತ್ತಾರೆ. ನನ್ನ ಒಲವು ಎರಡರ ಕಡೆಗೂ ಇದೆ ಎಂಬುದು ಪುರಾವೆಯಾಗುವುದಿಲ್ಲ. ಜಿಟಿಟಿಸಿಯಂಥದ್ದನ್ನು ಹಿಗ್ಗಿಸುವುದೂ ಸುಲಭವಲ್ಲ: ನಾಲ್ಕು ವರ್ಷ, ದುಬಾರಿ ಯಂತ್ರ, ಅದಕ್ಕಿಂತ ಅಪರೂಪದ ಗುರುಗಳು. ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು 4,600 ಕೋಟಿ ರೂಪಾಯಿಗೂ ಮೀರಿದ ವೆಚ್ಚದಲ್ಲಿ ಮೇಲ್ದರ್ಜೆಗೇರಿಸಿ 2022ರ ಜೂನ್‌ನಲ್ಲಿ ಉದ್ಘಾಟಿಸಿದರು. ರೋಬೊ, ತ್ರೀಡಿ ಪ್ರಿಂಟರ್, ಸಿಎನ್‌ಸಿ ಎಲ್ಲ ಬಂದವು. ಆದರೆ ಐಟಿಐಗಳ ಹಳೆಯ ಕಾಯಿಲೆ ಬೋಧಕರ ಕೊರತೆ, ಬೋಧಕರು ಯಂತ್ರದ ಜೊತೆ ಪೆಟ್ಟಿಗೆಯಲ್ಲಿ ಬರುವುದಿಲ್ಲ.

ಇನ್ನೊಂದು ಕಡೆ, ಯಾವ ಕೌಶಲ ಯೋಜನೆಗೂ ಕಾಯದೆ ಸಾವಿರಾರು ಕೆಲಸ ಹುಟ್ಟಿದ್ದನ್ನೂ ನಾವು ನೋಡಿದೆವು. ದೇವನಹಳ್ಳಿ ಬಳಿಯ ಫಾಕ್ಸ್‌ಕಾನ್ ಐಫೋನ್ ಘಟಕ 2025ರಲ್ಲಿ ಕೆಲವೇ ತಿಂಗಳಲ್ಲಿ ಸುಮಾರು 30 ಸಾವಿರ ಮಂದಿಯನ್ನು ಸೇರಿಸಿಕೊಂಡಿತು ಎಂದು ವರದಿಯಾಯಿತು, ಹೆಚ್ಚಿನವರು ಹೊಸದಾಗಿ ಕೆಲಸಕ್ಕೆ ಬಂದ ಯುವತಿಯರು. ಬೇಕಾದ ತರಬೇತಿಯನ್ನು ಕಂಪನಿಯೇ ಕೊಟ್ಟಿತು. ಹಾಸ್ಟೆಲ್, ಬಸ್ಸು, ಊಟವನ್ನೂ ಅದೇ ನೋಡಿಕೊಳ್ಳುತ್ತದೆ, ಇಲ್ಲದಿದ್ದರೆ ಜನ ನಿಲ್ಲುವುದಿಲ್ಲ ಎಂಬುದು ಅದಕ್ಕೆ ಗೊತ್ತು. ಕಾರ್ಖಾನೆ ಬಂದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ ಎನ್ನಲು ಕೋಲಾರ ಜಿಲ್ಲೆಯ ನರಸಾಪುರವೇ ಇದೆ: 2020ರ ಡಿಸೆಂಬರ್ 12ರಂದು ಅಲ್ಲಿ ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಘಟಕದ ಗಾಜು ಪುಡಿಯಾದದ್ದು ಹೇಳಿದ ಸಂಬಳ ಕೈಗೆ ಬರಲಿಲ್ಲ ಎಂಬ ಸಿಟ್ಟಿನಲ್ಲಿ.

ಈಗ ಕೇಂದ್ರದ ಗಮನವೂ ತರಬೇತಿಯಿಂದ ನೇಮಕಾತಿಯ ಕಡೆ ಹೊರಳಿದೆ. 2025ರ ಆಗಸ್ಟ್ 1ರಿಂದ ಜಾರಿಗೆ ಬಂದ ವಿಕಸಿತ ಭಾರತ ರೋಜ್‌ಗಾರ್ ಯೋಜನೆಗೆ ಎತ್ತಿಟ್ಟ ಮೊತ್ತ ₹99,446 ಕೋಟಿ. ಮೊದಲ ಬಾರಿಗೆ ಪಿಎಫ್‌ಗೆ ಸೇರುವ ಉದ್ಯೋಗಿಗೆ ಎರಡು ಕಂತಿನಲ್ಲಿ ₹15,000ದವರೆಗೆ, ಹೆಚ್ಚುವರಿ ನೇಮಕ ಮಾಡುವ ಮಾಲೀಕರಿಗೆ ಪ್ರತಿ ಉದ್ಯೋಗಿಗೆ ತಿಂಗಳಿಗೆ ₹3,000ದವರೆಗೆ. ಉದ್ಯೋಗಿಯ ಮೊದಲ ಕಂತು ಬರುವುದು ಆರು ತಿಂಗಳು ದುಡಿದ ಮೇಲೆ. ಆ ಮೊದಲ ನಲವತ್ತು ದಿನಕ್ಕೆ ಇಲ್ಲೂ ಏನೂ ಇಲ್ಲ. ಮಾಲೀಕರ ಪಾಲಿನ ಪ್ರೋತ್ಸಾಹಧನಕ್ಕೆ ಈಗಿರುವ ಸಿಬ್ಬಂದಿ ಸಂಖ್ಯೆಗಿಂತ ಹೆಚ್ಚು ಜನರನ್ನು ಸೇರಿಸಿಕೊಳ್ಳಬೇಕೆಂಬ ಷರತ್ತು ಇರುವುದು ಒಳ್ಳೆಯದೇ. ಆದರೂ ಹೇಗಿದ್ದರೂ ಬೆಳೆಯುತ್ತಿದ್ದ ಕಂಪನಿ ಹೇಗಿದ್ದರೂ ಮಾಡುತ್ತಿದ್ದ ನೇಮಕಕ್ಕೆ ಈ ಹಣ ಹೋಗುವ ಸಾಧ್ಯತೆ ದೊಡ್ಡದು. ಹಳೆಯ ಕೆಲಸಗಾರನ ಹೆಸರನ್ನು ಪಿಎಫ್ ಪಟ್ಟಿಗೆ ಹೊಸದಾಗಿ ಏರಿಸುವುದೂ ನಡೆಯುತ್ತದೆ. ಆ ಕೆಲಸಗಾರನಿಗೆ ಅದರಿಂದ ಲಾಭವಿದೆ, ಆದರೆ ಅದು ಹೊಸ ಕೆಲಸವಲ್ಲ.

ಇದನ್ನೆಲ್ಲ ತೂಗಿ ನೋಡುವ ದಾರಿ ನಮಗೆ ಅಪರಿಚಿತವೇನಲ್ಲ. ಅಮೆರಿಕದಲ್ಲಿ 1980ರ ದಶಕದ ಕೊನೆಗೆ ಅಲ್ಲಿನ ರಾಷ್ಟ್ರೀಯ ತರಬೇತಿ ಯೋಜನೆಗೆ ಅರ್ಜಿ ಹಾಕಿದ ಸಾವಿರಾರು ಮಂದಿಯ ನಡುವೆ ಚೀಟಿ ಎತ್ತಿ ಅಳೆದರು. ವಯಸ್ಕರಿಗೆ ಸಾಧಾರಣ ಲಾಭವಾಗಿತ್ತು, ಶಾಲೆ ಬಿಟ್ಟ ಯುವಕರಿಗೆ ಏನೂ ಆಗಿರಲಿಲ್ಲ. ಆ ಫಲಿತಾಂಶದ ನಂತರ ಯುವ ತರಬೇತಿಯ ಅನುದಾನಕ್ಕೆ ಕತ್ತರಿ ಬಿತ್ತು. ಚೀಟಿ ಎತ್ತುವುದು ಅನ್ಯಾಯ ಎಂಬ ಆಕ್ಷೇಪ ಬರುವುದುಂಟು. ಆರ್‌ಟಿಇ ಸೀಟನ್ನೂ ಬಡವರ ಮನೆಯನ್ನೂ ನಾವು ಲಾಟರಿಯಲ್ಲೇ ಹಂಚಿದ್ದೇವೆ, ಸೀಟಿಗಿಂತ ಅರ್ಜಿ ಹೆಚ್ಚು ಬಂದ ಕಡೆ ಅದೇ ನ್ಯಾಯ. ಲಾಟರಿಯಲ್ಲಿ ಗೆದ್ದವರು, ಸೋತವರು ಇಬ್ಬರ ಆಧಾರ್ ಸಂಖ್ಯೆಯೂ ಅರ್ಜಿಯಲ್ಲೇ ಇರುತ್ತದೆ. ಯಾರಿಗೆ ಯಾವ ತಿಂಗಳು ಸಂಬಳ ಬಂತು ಎಂಬ ಪಿಎಫ್ ದಾಖಲೆಯೂ ಸರ್ಕಾರದ ಬಳಿಯೇ ಇದೆ. ಎರಡನ್ನೂ ಮೂರು ವರ್ಷ ತಾಳೆ ಹಾಕುತ್ತ ಬಂದರೆ ಯಾವ ಕೋರ್ಸ್, ಯಾವ ಜಿಲ್ಲೆ, ಯಾವ ಸಂಸ್ಥೆ ಎಂದು ಹೆಸರು ಹಿಡಿದು ಹೇಳಬಹುದು. ಬೀದಿ ಬದಿಯಲ್ಲಿ ಮೊಬೈಲ್ ರಿಪೇರಿ ಮಾಡುವವನು, ಮನೆಯಲ್ಲೇ ರವಿಕೆ ಹೊಲಿಯುವವಳು ಪಿಎಫ್‌ನಲ್ಲಿ ಸಿಗುವುದಿಲ್ಲ. ಅವರ ಮನೆ ಬಾಗಿಲಿಗೆ ಎರಡು ವರ್ಷ ಹೋಗುವ ಸಿಬ್ಬಂದಿ ಉಜಿರೆ ಮಾದರಿಯ ಸಂಸ್ಥೆಗಳಲ್ಲಿ ಈಗಾಗಲೇ ಇದ್ದಾರೆ. ಸೀಟು ಸಿಗದವರ ಮನೆಗೂ ಅವರನ್ನು ಕಳಿಸಬೇಕಷ್ಟೆ.